ಅಂಗಾರ ಬಿಡುಗಡೆಯಾಗಿ ಬಂದ ಮೇಲೆ

ಅಂಗಾರನಷ್ಟು ಪಾಪದ, ಸಾಧು ಮನುಷ್ಯನನ್ನು ನಾನು ಮುಂಬಯಿಯಲ್ಲಿ ಕಂಡಿಲ್ಲ. ಗ್ರಾಂಟ್ ರೋಡಿನ ನಮ್ಮ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ. ಯಾರ ಕೈಯಿಂದ ಕಪ್ಪು ಬಿದ್ದರೂ ಧಣಿಗಳ ಕಣ್ಣು ಅವನ ಮೇಲೆ ಬಿದ್ದರೆ ಸಾಕು, ಕೈ ಮುಗಿದು "ತಪ್ಪಾಯ್ತು ಧಣಿ" ಅನ್ನುವನು. ಕರಾವಳಿಯ ನಮ್ಮವರ ಹೋಟೆಲುಗಳಲ್ಲಿ ಅದೇ ರೂಢಿ. ಎದುರು ಮಾತಾಡಬಾರದು, ತಪ್ಪಾಯ್ತು ಅಂದರೆ ಧಣಿಗಳು ತಣ್ಣಗಾಗುತ್ತಾರೆ. ಕ್ಯಾಶಿನಲ್ಲಿ ಕೂರುವ ನಾನು, ಈ ಮೋನಪ್ಪ ಕೂಡ, ಎಷ್ಟೋ ಸಲ ಹಾಗೇ ಅಂದವನು.

ಐವತ್ತಮೂರನೇ ಇಸವಿಯಲ್ಲಿ ಒಂದು ಬೆಳಿಗ್ಗೆ ಅಡುಗೆಯ ಚೆನ್ನಯ ರುಬ್ಬುವ ಕೋಣೆಯಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದ. ಮೊದಲು ಕಂಡವನು ಅಂಗಾರ. ಹೆಣವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ, ಅಂಗಿಯೆಲ್ಲ ರಕ್ತ. ಪೊಲೀಸರಿಗೆ ಅಷ್ಟೇ ಸಾಕಾಯಿತು. ಮ್ಯಾಜಿಸ್ಟ್ರೇಟರು ಗದರಿಸಿ ಕೇಳಿದಾಗ ಈ ಮಂಕುದಿಣ್ಣೆ ಮಾಡಿದ್ದೇನು? ಕೈ ಮುಗಿದು "ತಪ್ಪಾಯ್ತು ಧಣಿ" ಅಂದ! ಕೊಲೆ ಒಪ್ಪಿಕೊಂಡ ಎಂದು ಬರೆದುಕೊಂಡರು. ಸೆಷನ್ಸ್ ಕೋರ್ಟು ಗಲ್ಲುಶಿಕ್ಷೆ ಕೊಟ್ಟಿತು.

ಹೈಕೋರ್ಟಿಗೆ ಅಪೀಲು ಹಾಕಿದವರು ಧಾರವಾಡದ ವಕೀಲ ನೀಲಕಂಠಪ್ಪನವರು, ನಮ್ಮಲ್ಲೇ ದಿನಾ ಚಹಾ ಕುಡಿಯುವವರು. ತೀರ್ಪಿನ ದಿನ ಕರಿಕೋಟಿನಲ್ಲೇ ಓಡಿ ಬಂದರು.

"ಬಿಟ್ರೋ ಮೋನಪ್ಪ! ಒಪ್ಪಿಕೊಳ್ಳಾಕ ನಿನಗ ಬಲವಂತ ಇಲ್ಲಪಾ ಅಂತ ಮ್ಯಾಜಿಸ್ಟ್ರೇಟರು ಮೊದಲ ತಿಳಿಸಿ ಹೇಳಬೇಕಾಗಿತ್ತು. ಹೇಳಿಲ್ಲ. ವಿಚಾರ ಮಾಡಾಕ ಹೊತ್ತೂ ಕೊಟ್ಟಿಲ್ಲ. ಅಂಥಾ ಒಪ್ಪಿಗಿ ನಡಿಯೂದಿಲ್ಲ ಅಂದ್ರು ಹೈಕೋರ್ಟಿನ ಜಡ್ಜರು. ಅದನ್ನ ಬಿಟ್ರ ಬ್ಯಾರೆ ಪುರಾವೆ ಏನದ?"

ಅಂಗಾರ ಬಂದ. ಧಣಿಗಳು ಎಲ್ಲರಿಗೂ ಸಿಹಿ ಹಂಚಿದರು. ಆದರೆ ಅವನ ಪಕ್ಕ ಚಾಪೆ ಹಾಸಲು ಯಾರಿಗೂ ಧೈರ್ಯವಿರಲಿಲ್ಲ. ರುಬ್ಬುವ ಕೋಣೆಯ ಬಾಗಿಲು ಕಿರುಗುಟ್ಟಿದರೆ ನಾನು ಎದ್ದು ಕೂರುತ್ತಿದ್ದೆ. ಕಾನೂನು ಬಿಟ್ಟರೂ ನಾವು ಅವನನ್ನು ಬಿಡಲಿಲ್ಲ.

ಮಳೆಗಾಲ ಮುಗಿದ ಮೇಲೆ ಚೆನ್ನಯನ ಹೆಂಡತಿ ಅಕ್ಕು ಊರಿನಿಂದ ಹಡಗು ಹತ್ತಿ ಬಂದಳು. ನಾವೆಲ್ಲ ಅಡುಗೆಮನೆಯಲ್ಲಿ ಸುತ್ತ ನಿಂತೆವು. ಅವಳು ನೇರ ಅಂಗಾರನ ಮುಂದೆ ನಿಂತಳು.

"ಅಂಗಾರಣ್ಣ, ನನ್ನ ಮುಖ ನೋಡಿ ಹೇಳಿ. ಅವರನ್ನು ಕೊಂದದ್ದು ನೀವಾ?"

ಅವನ ಕೈಗಳು ಮುಗಿಯಲು ಮೇಲೆದ್ದವು. ಬೇಡ ಮಾರಾಯ ಎಂದು ಕಿರುಚಬೇಕೆನಿಸಿತು ನನಗೆ. ಕೈಗಳು ಅರ್ಧದಲ್ಲೇ ನಿಂತು ಕೆಳಗಿಳಿದವು.

"ನಾನಲ್ಲ ಅಕ್ಕಾ. ಸತ್ಯಕ್ಕೂ ನಾನಲ್ಲ."

ಅವಳು ತುಂಬ ಹೊತ್ತು ನೋಡಿದಳು. "ನಂಬಿದೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಬ್ಬ, ಗೆದ್ದೆವು ಅಂದುಕೊಂಡೆ.

ಆಮೇಲೆ ಅವಳು ನಮ್ಮ ಕಡೆ ತಿರುಗಿದಳು. "ಹಾಗಾದರೆ ಯಾರು?"

ರಾತ್ರಿ ಹೋಟೆಲಿಗೆ ಚಿಲಕ ಹಾಕುವುದು ಒಳಗಿನಿಂದ. ಚೆನ್ನಯ ಸತ್ತ ರಾತ್ರಿ ಒಳಗೆ ಮಲಗಿದ್ದವರೆಲ್ಲ ಈಗ ಅಲ್ಲೇ ಇದ್ದೆವು, ಧಣಿಗಳೂ ಸೇರಿ. ಯಾರೂ ಪಕ್ಕದವನ ಮುಖ ನೋಡಲಿಲ್ಲ.