ಆ ಮನೆಯ ನಡುವಿನ ಸೊಸೆ

ಈಗಿನವರು ಸಂಜೆಯಾದರೆ ಟಿವಿಯ ಮುಂದೆ ಕೂತು ಯಾವುದೋ ಒಂದು ಮನೆಯ ಅತ್ತೆ ಸೊಸೆಯರ ಜಗಳ ನೋಡಿ ನಗುತ್ತಾರೆ. ನಮ್ಮ ಕಾಲದಲ್ಲಿ ಅಂಥ ಮನೆ ರೇಡಿಯೋದಲ್ಲಿತ್ತು. ಹದಿನೈದು ದಿನಕ್ಕೊಮ್ಮೆ, ರವಿವಾರ ಮಧ್ಯಾಹ್ನ, ಅರ್ಧ ಗಂಟೆ ಧಾರವಾಡದಿಂದ ಬರುತ್ತಿತ್ತು. ಅದಕ್ಕೊಂದು ಹೆಸರಿದ್ದರೂ ಜನ ‘ಆ ಮನಿ’ ಎಂದೇ ಕರೆಯುತ್ತಿದ್ದರು. ನಶ್ಯ ಸೇದುವ ಜಿಪುಣ ಮಾವ, ಮೂವರು ಮಕ್ಕಳು, ಮೂವರು ಸೊಸೆಯರು. ಒಮ್ಮೆ ಕೊಡೆ ಕಳೆಯುತ್ತಿತ್ತು, ಒಮ್ಮೆ ಬಂದ ಬೀಗರು ಎದ್ದು ಹೋಗುತ್ತಿರಲಿಲ್ಲ, ಒಮ್ಮೆ ಹಾಲು ಕೊಡದ ಎಮ್ಮೆ ಮನೆಗೆ ಬರುತ್ತಿತ್ತು. ಅಷ್ಟರಲ್ಲೇ ಊರೆಲ್ಲ ನಗುತ್ತಿತ್ತು. ಮೂವರು ಸೊಸೆಯರಲ್ಲಿ ನಡುವಿನವಳು ಬಾಯಿಬಡಕಿ. ಮಾವನಿಗೂ ಹೆದರುವವಳಲ್ಲ, ಮರೆಗುಳಿ ಗಂಡನನ್ನಂತೂ ಬೆರಳ ತುದಿಯಲ್ಲಿ ಕುಣಿಸುವವಳು. ಅವಳ ದನಿ ನನ್ನದು.

ನಾನು ಹುಟ್ಟಿದ್ದು ಹಿರೇಕೆರೂರು ತಾಲೂಕಿನ ಮಾಸೂರಿನಲ್ಲಿ. ಹದಿನಾರಕ್ಕೆ ಮದುವೆ ಮಾಡಿ ಶಿಗ್ಗಾಂವಿಗೆ ಕೊಟ್ಟರು. ಮಾವನವರದು ಕಾಳಿನ ವ್ಯಾಪಾರ. ಮನೆಯಲ್ಲಿ ಅತ್ತೆ, ಇನ್ನೂ ಶಾಲೆಗೆ ಹೋಗುವ ಒಬ್ಬ ಮೈದುನ. ಗಂಡ ಅಂಗಡಿಯಲ್ಲಿ ಅಪ್ಪನ ಎದುರು ತಲೆ ತಗ್ಗಿಸಿ ಕೂರುತ್ತಿದ್ದ, ಮನೆಗೆ ಬಂದ ಮೇಲೆ ನನ್ನೊಡನೆ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದ. ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಒಂದು ಬೇಸಿಗೆಯಲ್ಲಿ ಅವನಿಗೆ ಜ್ವರ ಬಂದು ಇಳಿಯಲೇ ಇಲ್ಲ.

ಊರಿನ ಪಂಡಿತರು ಕಷಾಯ ಕೊಟ್ಟರು. ಆರನೆಯ ದಿನ ಮಧ್ಯಾಹ್ನ ಓಣಿಯ ಕಂಪೌಂಡರ್ ಬಂದು ಕೈ ಹಿಡಿದು ನೋಡಿ, “ಹುಬ್ಬಳ್ಳಿ ದವಾಖಾನಿಗೆ ಒಯ್ಯೂದ ಚಲೋರಿ” ಎಂದರು. ಮಾವನವರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. “ಎರಡ ದಿನ ನೋಡೂಣು,” ಎಂದರು. “ತಾವ ಇಳೀತಾವು.” ನಾನು ನಡುಮನೆಯ ಬಾಗಿಲಲ್ಲಿ ನೀರಿನ ಚರಿಗೆ ಹಿಡಿದು ನಿಂತಿದ್ದೆ. ಇಲ್ಲರಿ, ಇವತ್ತ ಹೋಗೂಣು ಎನ್ನುವ ಮಾತು ಬಾಯಿತನಕ ಬಂತು. ಹಿರಿಯರ ಮುಂದೆ ಸೊಸೆ ಹಾಗೆಲ್ಲ ಮಾತಾಡುವುದಿರಲಿಲ್ಲ. ನನಗಾಗ ಹದಿನೆಂಟು ವರ್ಷ. ಮಾತು ನುಂಗಿಕೊಂಡು ಚರಿಗೆ ಒಳಗಿಟ್ಟೆ.

ನಾಲ್ಕು ದಿನದ ಮೇಲೆ ಕಾಳಿನ ಲಾರಿಯೊಂದರಲ್ಲಿ ಹಾಸಿಗೆ ಹಾಸಿ ಹುಬ್ಬಳ್ಳಿಗೆ ಹೊರಟರು. ನನ್ನನ್ನು ಮನೆಯಲ್ಲೇ ಬಿಟ್ಟಿದ್ದರು. ತಡಸ ದಾಟುವ ಮೊದಲೇ ಎಲ್ಲ ಮುಗಿಯಿತು. ಲಾರಿ ಅಲ್ಲಿಂದಲೇ ತಿರುಗಿ ಬಂತು.

ಅತ್ತೆ ಆಮೇಲೆ ನನ್ನೊಡನೆ ಮಾತು ಬಿಟ್ಟರು ಎಂದರೆ ತಪ್ಪಾಗುತ್ತದೆ. ಉಪ್ಪು ತಾ, ದನಕ್ಕೆ ನೀರಿಡು ಎನ್ನುತ್ತಿದ್ದರು. ಮಗನ ಹೆಸರು ಮಾತ್ರ ಆ ಮನೆಯಲ್ಲಿ ಯಾರ ಬಾಯಿಗೂ ಬರಲಿಲ್ಲ. ಅವನ ಅಂಗಿಗಳು ಟ್ರಂಕಿಗೆ ಹೋದವು, ಟ್ರಂಕು ಅಟ್ಟಕ್ಕೆ ಹೋಯಿತು. ಹೀಗೆ ಸುಮಾರು ಎರಡು ವರ್ಷ ಕಳೆದ ಮೇಲೆ ಮಾವನವರು ಒಂದು ದಿನ ಊಟದ ಹೊತ್ತಿನಲ್ಲಿ, “ಈಕಿ ಸಾಲಿ ಕಲೀಲಿ,” ಎಂದರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಅವರೇ ಕರೆದುಕೊಂಡು ಹೋಗಿ ಬಿಟ್ಟು ಬಂದರು. ಕಲಿತು ಬಂದು ಶಿಗ್ಗಾಂವಿನ ಹೆಣ್ಣುಮಕ್ಕಳ ಶಾಲೆಗೆ ಸೇರಿದೆ. ಊರಿನವರು ‘ಅಕ್ಕೋರು’ ಎಂದು ಕರೆಯತೊಡಗಿದರು.

ಟ್ರೇನಿಂಗಿನಲ್ಲಿದ್ದಾಗ ನಾನು ಮಕ್ಕಳಿಗೆ ಕಥೆ ಹೇಳಿದ ಪಾಠವೊಂದನ್ನು ರೇಡಿಯೋದ ಹಿರಿಯರೊಬ್ಬರು ಕೇಳಿದ್ದರು. ಕೆಲವು ವರ್ಷಗಳ ಮೇಲೆ ಅವರಿಂದ ಪತ್ರ ಬಂತು. ಮನೆಯೊಂದರ ನಗೆಯ ಕಾರ್ಯಕ್ರಮ ಶುರುವಾಗುವುದಿದೆ, ಒಂದು ಸೊಸೆಯ ದನಿ ಬೇಕು ಎಂದಿತ್ತು. ನಾನು ಪತ್ರವನ್ನು ಮಾವನವರ ಮುಂದಿಟ್ಟೆ. ಅವರು ಎರಡು ಸಲ ಓದಿದರು.

“ಮಾರಿ ಕಾಣೂದಿಲ್ಲಲ್ಲ?” ಎಂದು ಕೇಳಿದರು.

“ಇಲ್ಲರಿ ಮಾವಾರ. ದನಿ ಅಷ್ಟ.”

“ಹಂಗಾರ ಹೋಗಿ ಬಾ. ನಿಮ್ಮತ್ತಿಗೆ ನಾ ಹೇಳ್ತೇನಿ.”

ಏನು ಹೇಳಿದರೋ ಗೊತ್ತಿಲ್ಲ. ಅತ್ತೆ ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ರವಿವಾರ ಹೊರಡುವಾಗ ಬುತ್ತಿ ಕಟ್ಟಿ ಕಟ್ಟೆಯ ಮೇಲಿಡುತ್ತಿದ್ದರು, ಅಷ್ಟೆ.

ಶಿಗ್ಗಾಂವಿನಿಂದ ಬೆಳಗಿನ ಬಸ್ಸು ಹಿಡಿದರೆ ತಡಸ, ಹುಬ್ಬಳ್ಳಿ, ಆಮೇಲೆ ಧಾರವಾಡ. ನಾನು ಬಸ್ಸಿನಲ್ಲಿ ನನ್ನ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದೆ. ತಡಸ ಬರುವ ಮೊದಲು ಹಾಳೆ ಮಡಚಿ ಚೀಲದಲ್ಲಿಡುತ್ತಿದ್ದೆ, ಅದು ದಾಟಿದ ಮೇಲೆ ತೆಗೆಯುತ್ತಿದ್ದೆ. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಕೋಣೆಯಲ್ಲಿ ಒಂದೇ ಮೈಕಿನ ಸುತ್ತ ನಾವು ಏಳು ಮಂದಿ ನಿಲ್ಲುತ್ತಿದ್ದೆವು. ಆಗ ಎಲ್ಲವೂ ನೇರ ಪ್ರಸಾರ. ಬಾಗಿಲ ಮೇಲಿನ ಕೆಂಪು ದೀಪ ಹತ್ತಿದರೆ ಕೆಮ್ಮುವ ಹಾಗೂ ಇಲ್ಲ. ನನ್ನ ಗಂಡನ ಪಾತ್ರದವರು ಯಾವುದೋ ಕಚೇರಿಯ ಗುಮಾಸ್ತರು, ವಯಸ್ಸು ನಲವತ್ತರ ಮೇಲೆ. ನನ್ನ ಮುಖ ನೋಡಿ ಮಾತಾಡಿದವರಲ್ಲ. ದೀಪ ಹತ್ತಿದ ಕೂಡಲೇ ಅವರು ಮರೆಗುಳಿ ಗಂಡ, ನಾನು ಅವರನ್ನು ಬೈಯುವ ಹೆಂಡತಿ. ಆರಿದ ಕೂಡಲೇ, “ಬರ್ತೇನ್ರಿ ಬಾಯಾರ,” ಎಂದು ಕೊಡೆ ಹಿಡಿದು ಹೊರಟುಬಿಡುತ್ತಿದ್ದರು.

ಆ ಅರ್ಧ ಗಂಟೆ ನಾನು ಯಾರಿಗೂ ಹೆದರುತ್ತಿರಲಿಲ್ಲ. ಇದನ್ನು ಹೇಳಲು ಈಗಲೂ ನಾಚಿಕೆ. ಗಂಡನಿಗೆ ಹಾಗೆ ಜೋರು ಮಾಡುವುದು, ಅವನು ಮರೆತ ಚೀಲಕ್ಕಾಗಿ ರಂಪ ಮಾಡುವುದು, ಕಡೆಗೆ ಅವನು ನಗಿಸಿದರೆ ಸೋಲುವುದು, ನನ್ನ ಎರಡು ವರ್ಷದ ಸಂಸಾರದಲ್ಲಿ ಇದ್ಯಾವುದೂ ನಡೆದಿರಲಿಲ್ಲ. ಬೇರೆ ಯಾರೋ ಬರೆದ ಮಾತುಗಳಲ್ಲಿ ನಾನು ಅದನ್ನೆಲ್ಲ ಮಾಡಿದೆ.

ದನಿ ನನ್ನದೆಂದು ಸುತ್ತಲಿನ ಊರುಗಳಿಗೂ ಗೊತ್ತಾಯಿತು. ಬಸ್ಸಿನ ಕಂಡಕ್ಟರ್, “ಅಕ್ಕೋರ, ಇವತ್ತ ಗಂಡಗ ಏನ ಬೈಯೋರದೀರಿ?” ಎಂದು ಕೇಳಿ, ಆಮೇಲೆ ನನ್ನ ಬರಿ ಹಣೆ ನೋಡಿ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಒಂದು ಸಲ ಸವಣೂರಿನಿಂದ ಒಬ್ಬ ಹೆಂಗಸು ಶಾಲೆಗೇ ಬಂದಳು. ಕೈಯಲ್ಲಿ ಖಣ, ಅಕ್ಕಿ, ತೆಂಗಿನಕಾಯಿ. ಆ ಮನೆಯ ಸೊಸೆಗೆ ಉಡಿ ತುಂಬಬೇಕೆಂದು ಹರಕೆ ಹೊತ್ತವಳ ಹಾಗೆ ಬಂದಿದ್ದಳು.

“ರೇಡಿಯೋದಾಗ ಮಾತಾಡೋ ಅಕ್ಕೋರು ಒಳಗದಾರೇನ್ರಿ?” ಎಂದು ನನ್ನನ್ನೇ ಕೇಳಿದಳು.

“ನಾನರಿ,” ಎಂದೆ.

ಅವಳು ನನ್ನ ಹಣೆ, ಕೈ, ಮತ್ತೆ ಹಣೆ ನೋಡಿದಳು. ಕಾಯಿ ಅಕ್ಕಿಯನ್ನು ಚೀಲಕ್ಕೆ ಹಾಕಿದಳು. ಹೋಗಲೆಂದು ತಿರುಗಿದವಳು ಮತ್ತೆ ಬಂದು ಖಣವನ್ನು ಮಾತ್ರ ನನ್ನ ಕೈಯಲ್ಲಿಟ್ಟು, “ಹೊಲಿಸಿಕೊಳ್ರಿ,” ಎಂದಳು. ಚೀಲ ಎತ್ತಿಕೊಂಡು ಹೋದಳು. ಅವತ್ತಿನ ಉಳಿದ ತಾಸು ನಾನು ಮಕ್ಕಳಿಗೆ ಮಗ್ಗಿ ಬರೆಯಲು ಹಚ್ಚಿ ಕಿಟಕಿಯ ಕಡೆ ಕೂತೆ.

ಅಷ್ಟರಲ್ಲಿ ಪೇಟೆಯ ಧಾರಣೆ ಕೇಳಬೇಕೆಂದು ಮಾವನವರು ಮನೆಗೊಂದು ರೇಡಿಯೋ ತಂದಿದ್ದರು. ಅತ್ತೆ ‘ಆ ಮನಿ’ ಕೇಳುತ್ತಿದ್ದರೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ. ಆ ಹೊತ್ತಿಗೆ ನಾನು ಧಾರವಾಡದಲ್ಲಿ ಇರುತ್ತಿದ್ದೆ.

ಒಂದು ಸಲ ಕೈಗೆ ಬಂದ ಹಾಳೆಗಳಲ್ಲಿ ಗಂಡನಿಗೆ ನೆಗಡಿ ಜ್ವರ. ಅವನು ಬರೀ ಎರಡು ಸಲ ಸೀನುತ್ತಾನೆ, ಮೈ ತುಸು ಬಿಸಿ. ನಡುವಿನ ಸೊಸೆ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಾಳೆ. ಮಾವ ನಶ್ಯ ಸೇದುತ್ತ, ಒಂದೆರಡ ದಿನ ನೋಡೂಣು ಎನ್ನುತ್ತಾನೆ. ಅದಕ್ಕೆ ಅವಳ ಉತ್ತರ: “ನೋಡೂದು ಬ್ಯಾಡ್ರಿ ಮಾವಾರ. ಈಗಿಂದೀಗ ಗಾಡಿ ಕಟ್ಟಸ್ರಿ, ದವಾಖಾನಿಗೆ ಹೋಗೂಣು.” ಬರೆದವರಿಗೆ ನನ್ನ ಮನೆಯ ಸಂಗತಿ ಏನೂ ಗೊತ್ತಿರಲಿಲ್ಲ. ಎಲ್ಲ ಮನೆಗಳಲ್ಲೂ ಆಡುವ ಮಾತನ್ನೇ ಬರೆದಿದ್ದರು.

ತಾಲೀಮಿನಲ್ಲಿ ಆ ಸಾಲು ಬಂದಾಗ ನನ್ನ ದನಿ ಇಳಿದುಹೋಯಿತು. ಕಾರ್ಯಕ್ರಮ ನಡೆಸುತ್ತಿದ್ದ ರೇಡಿಯೋದ ಹಿರಿಯರು ತಡೆದರು. “ಬಾಯಾರ, ಇಲ್ಲಿ ದನಿ ಏರಬೇಕ್ರಿ. ಆಂವ ಬರೇ ಸೀನ್ಯಾನ. ಈಕಿ ಗಾಡಿ ಕಟ್ಟಸಾಕತ್ತಾಳ. ನಗಿ ಇರೂದ ಅದರಾಗ.”

“ಹೌದ್ರಿ,” ಎಂದೆ. ಎರಡನೆಯ ಸಲ ಏರಿಸಿ ಹೇಳಿದೆ. ಅವರು ತಲೆಯಾಡಿಸಿದರು.

ಕೆಂಪು ದೀಪ ಹತ್ತಿತು. ಕೊಡೆ, ಚೀಲ, ಸೀನು ಎಲ್ಲ ಸರಿಯಾಗಿ ನಡೆದವು. ಮಾವನ ಪಾತ್ರದವರು, “ಒಂದೆರಡ ದಿನ ನೋಡೂಣು ತಗೋ,” ಎಂದರು. ನಾನು ಬಾಯಿ ತೆರೆದೆ. ದನಿ ಏರಲಿಲ್ಲ. “ನೋಡೂದು ಬ್ಯಾಡ್ರಿ ಮಾವಾರ,” ಎಂದು ಸಣ್ಣಗೆ ಹೊರಟಿತು. ಹತ್ತು ವರ್ಷದ ಕೆಳಗೆ ಬಾಗಿಲಲ್ಲಿ ನಿಂತವಳು ಮಾತಾಡಿದ್ದರೆ ಯಾವ ದನಿಯಲ್ಲಿ ಮಾತಾಡುತ್ತಿದ್ದಳೋ ಅದೇ ದನಿ. ಉಳಿದ ಅರ್ಧ ಸಾಲು ಹೊರಗೆ ಬರಲಿಲ್ಲ. ಪಕ್ಕದ ಸೊಸೆ ನನ್ನ ಹಾಳೆಯಲ್ಲಿ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಆಗ ಗುಮಾಸ್ತರು ಮೊದಲ ಬಾರಿಗೆ ನನ್ನ ಮುಖ ನೋಡಿದರು. ನೋಡಿ, ಹಾಳೆಯಲ್ಲಿಲ್ಲದ ಮಾತೊಂದನ್ನು ಆಡಿದರು: “ಆಕಿ ಹೇಳಾಕತ್ತಾಳಲ್ಲ, ಅಪ್ಪಾ. ಹೋಗೂಣು ನಡೀ. ಗಾಡಿ ಕಟ್ಟಸು.”

ಅಲ್ಲಿಂದ ಮುಂದೆ ಎಲ್ಲರೂ ಹೇಗೋ ಸಾಗಿಸಿದರು. ಡಾಕ್ಟರು ನೆಗಡಿ ಎಂದು ಹೇಳಿ ಎಲ್ಲರನ್ನೂ ವಾಪಸು ಕಳಿಸುವಲ್ಲಿ ಕಾರ್ಯಕ್ರಮ ಮುಗಿಯಿತು. ದೀಪ ಆರಿದ ಮೇಲೆ ನಾನು ಹಿರಿಯರ ಬಳಿ ತಪ್ಪಾಯಿತೆಂದೆ. ಅವರು, “ಇರ್ಲಿ, ಊರಿಗೆ ಹೋಗಿ ವಿಶ್ರಾಂತಿ ತಗೋರಿ,” ಎಂದರು. ಬೈಯಲಿಲ್ಲ. ಗುಮಾಸ್ತರು ಅವತ್ತು ಬಸ್ ನಿಲ್ದಾಣದ ತನಕ ನನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಡೆದು ಬಂದು, ನಾನು ಬಸ್ ಹತ್ತಿದ ಮೇಲೆ ತಿರುಗಿ ಹೋದರು.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅತ್ತೆ ಪಡಸಾಲೆಯಲ್ಲಿ ರೇಡಿಯೋದ ಕೆಳಗೆ ಕೂತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದರು. ನಾನು ಕಾಲು ತೊಳೆದು ಒಳಗೆ ಹೋಗುವಾಗ ತಲೆ ಎತ್ತದೆ ಕೇಳಿದರು:

“ಆಂವಗ ಜ್ವರ ಇಳದ್ವೇನ?”

ಒಳಗೆ ಹೊರಟವಳು ತಿರುಗಿ ನಿಂತೆ.

“ಇಳದಾವ್ರಿ ಅತ್ತಿ. ಬರೇ ನೆಗಡಿ ಇತ್ತಂತ.”

“ಚಲೋ ಆತು,” ಎಂದರು. ಮೊರ ಪಕ್ಕಕ್ಕಿಟ್ಟರು. “ಇಲ್ಲಿ ಬಾ. ಕುಂಡ್ರು.”

ಕೂತೆ. ಅತ್ತೆ ಮಗನ ಹೆಸರು ಹೇಳಿದರು. ಹತ್ತು ವರ್ಷದ ಮೇಲೆ ಆ ಮನೆಯಲ್ಲಿ ಆ ಹೆಸರು ಕೇಳಿದ್ದು ಅವತ್ತೇ. ಆ ಆರನೆಯ ದಿನ ತಾವೂ ಅಡುಗೆಮನೆಯಲ್ಲಿ ಕಂಪೌಂಡರರ ಮಾತು ಕೇಳಿಸಿಕೊಂಡಿದ್ದರಂತೆ. ಹೊರಗೆ ಬಂದು ಹೇಳಬೇಕೆಂದು ಸೆರಗಿಗೆ ಕೈ ಒರೆಸಿಕೊಂಡು ಎದ್ದಿದ್ದರಂತೆ. “ಎದ್ದೆ. ಮತ್ತ ಕುಂತೆ. ನಾ ಹಡದಾಕಿ, ನಾ ಕುಂತೆ. ನೀನರ ಪರರ ಮನಿ ಕೂಸು, ನೀ ಏನ ಮಾಡೀದಿ,” ಎಂದರು. ಇಷ್ಟು ವರ್ಷ ಅವರು ಆ ಹೆಸರೆತ್ತದೆ ಇದ್ದದ್ದು ನನ್ನ ಮೇಲಿನ ಸಿಟ್ಟಿಗಲ್ಲ ಎಂದು ನನಗೆ ಆಗ ತಿಳಿಯಿತು. ಇಬ್ಬರೂ ಅತ್ತೆವು. ಬೇಳೆಯನ್ನು ಆಮೇಲೆ ಇಬ್ಬರೂ ಕೂಡಿ ಆರಿಸಿದೆವು.

ಮಾವನವರು ಮಧ್ಯಾಹ್ನ ಅಲ್ಲೇ ಕೂತು ಕೇಳಿದ್ದರೆಂದೂ, ನಡುವೆ ಎದ್ದು ಹೊರಗೆ ಹೋದರೆಂದೂ ಅತ್ತೆ ಹೇಳಿದರು. ಅವರು ಒಂದು ವಾರ ನನ್ನೆದುರು ನಿಲ್ಲಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಅಂಗಡಿಯ ದಾರಿಯಲ್ಲಿ ಜತೆಗೂಡಿದರು.

“ಅವತ್ತ ನೀ ಬಾಗಲದಾಗ ನಿಂತಿದ್ದಿ,” ಎಂದರು. “ನಾ ನೋಡಿದ್ದೆ.”

“ಹೌದ್ರಿ ಮಾವಾರ.”

“ನೀ ಅಂದಿದ್ರೂ ನಾ ಕೇಳ್ತಿದ್ದಿಲ್ಲವಾ. ಅಷ್ಟ ತಿಳಕೋ. ತಪ್ಪ ನಂದು. ನೀ ಅದನ್ನ ಮನಸಿನ್ಯಾಗ ಇಟಗೋಬ್ಯಾಡ.”

ಅದು ನಿಜವೋ, ನನ್ನ ಎದೆಯ ಭಾರ ಇಳಿಸಲೆಂದು ಹೇಳಿದ್ದೋ, ಇಷ್ಟು ವರ್ಷದ ಮೇಲೂ ನನಗೆ ತಿಳಿಯದು. ನನ್ನ ಉತ್ತರಕ್ಕೆ ಕಾಯದೆ ಅವರು ಪೇಟೆಯ ಕಡೆ ತಿರುಗಿದರು.

ಮುಂದಿನ ಮಳೆಗಾಲ ಮೈದುನನ ಮೂರು ವರ್ಷದ ಮಗುವಿಗೆ ಜ್ವರ ಬಂತು. ಎರಡನೆಯ ದಿನವೇ ನಾನು ಪಡಸಾಲೆಯ ನಡುವೆ ನಿಂತು ಹುಬ್ಬಳ್ಳಿಗೆ ಹೋಗೋಣ ಎಂದೆ. ಮಾವನವರು ಆಗಲೇ ರುಮಾಲು ಸುತ್ತುತ್ತಿದ್ದರು. ಡಾಕ್ಟರು ಗುಳಿಗೆ ಕೊಟ್ಟು, ಇದಕ್ಕೆ ಇಷ್ಟು ಮಂದಿ ಯಾಕೆ ಬಂದಿರಿ ಎಂದರು. ನಮ್ಮಲ್ಲಿ ಯಾರೂ ನಗಲಿಲ್ಲ. ಮಗುವನ್ನು ಅತ್ತೆಯ ಮಡಿಲಲ್ಲಿ ಮಲಗಿಸಿಕೊಂಡು ವಾಪಸು ಬಂದೆವು.

‘ಆ ಮನಿ’ ಇನ್ನೂ ಎರಡು ವರ್ಷ ನಡೆಯಿತು. ಮಾವನ ಪಾತ್ರದವರಿಗೆ ಆರೋಗ್ಯ ಕೆಟ್ಟಾಗ ಅವರ ಜಾಗಕ್ಕೆ ಇನ್ನೊಬ್ಬರನ್ನು ತರುವ ಮನಸ್ಸು ಯಾರಿಗೂ ಬರಲಿಲ್ಲ. ನಿಲ್ಲಿಸಿದರು. ನನಗೆ ಹಾನಗಲ್ಲಿಗೆ ವರ್ಗವಾಯಿತು. ಅಂಗಡಿ ಮೈದುನ ನೋಡಿಕೊಳ್ಳುತ್ತಿದ್ದ. ಮಾವನವರು ಅವನ ಸಂಸಾರದೊಡನೆ ಶಿಗ್ಗಾಂವಿನಲ್ಲೇ ಉಳಿದು, ತಿಂಗಳಿಗೊಮ್ಮೆ ಕಾಳುಕಡಿ ಹೊರಿಸಿಕೊಂಡು ಬಂದು ಹೋಗುತ್ತಿದ್ದರು. ಅತ್ತೆ ನನ್ನ ಜತೆ ಹೊರಟರು. ಯಾರೂ ಹೇಳಿರಲಿಲ್ಲ, ತಾವೇ ಸೀರೆಗಳನ್ನು ಗಂಟು ಕಟ್ಟಿಕೊಂಡು ನಿಂತಿದ್ದರು.

ಹಾನಗಲ್ಲಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ರವಿವಾರ ಮಧ್ಯಾಹ್ನ ಅತ್ತೆ ‘ಆ ಮನಿ’ ಬರುತ್ತಿದ್ದ ಹೊತ್ತಿಗೇ ರೇಡಿಯೋ ಹಚ್ಚುತ್ತಿದ್ದರು. ಆ ಹೊತ್ತಿನಲ್ಲಿ ಈಗ ರೈತರ ಕಾರ್ಯಕ್ರಮ ಬರುತ್ತಿತ್ತು. ಪೂರ್ತಿ ಕೇಳಿ, ಆರಿಸಿ, ಊಟಕ್ಕೆ ತಾಟು ಹಾಕುತ್ತಿದ್ದರು. ಏನು ಹೇಳಿದರೆಂದು ನಾನು ಕೇಳಿದರೆ, “ಯಾರೋ ಗೊಬ್ಬರದ ಮಾತ ಆಡಿದ್ರವಾ,” ಎನ್ನುತ್ತಿದ್ದರು.