ರಬ್ಬರಿನ ಕೆಳಗೆ ಮೂರು ಚುಕ್ಕೆ

ಶೆಟ್ಟಿಹಳ್ಳಿಗೆ ಇನ್ನೂ ಹಾಲಿನ ಗಾಡಿ ಬಂದಿಲ್ಲ. ಅಶ್ವತ್ಥ್ ಅವರ ಮೂರಂತಸ್ತಿನ ಮನೆಯ ಗೇಟಿನ ಪಕ್ಕ ಮೊಪೆಡ್ ನಿಲ್ಲಿಸಿದ ಮುನೇಶ್, ಯಾರಿಗೂ ನಮಸ್ಕಾರ ಹೇಳದೆ ನೆಟ್ಟಗೆ ಶೆಡ್ಡಿನೊಳಗೆ ಹೋಗಿ ಮರೂನ್ ಬಣ್ಣದ ಕಾರಿನ ಬಾನೆಟ್ ಮೇಲೆ ಅಂಗೈ ಊರುತ್ತಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ, ಕಣ್ಣು ಮುಚ್ಚಿಕೊಂಡು, ಸುಮಾರು ಒಂದು ನಿಮಿಷ. ಕಾರು ಮಾರುವ ಅಶ್ವತ್ಥ್ ಒಂದು ಕಡೆ, ಕೊಳ್ಳಲು ಬಂದಿರುವ ಪಶುವೈದ್ಯೆ ಹರ್ಷಿತಾ ಇನ್ನೊಂದು ಕಡೆ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಕೊನೆಗೆ ಮುನೇಶ್ ಕೈ ತೆಗೆದು, "ತಣ್ಣಗಿದೆ. ನೋಡ್ಬೋದು" ಎನ್ನುತ್ತಾರೆ.

ಬಿಸಿ ಇದ್ದಿದ್ದರೆ ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟೇಬಿಡುತ್ತಿದ್ದರು. ಹಳೆಯ ಇಂಜಿನ್ನಿನ ಕಾಯಿಲೆ ಗೊತ್ತಾಗುವುದು ಇಡೀ ರಾತ್ರಿ ತಣ್ಣಗೆ ಮಲಗಿ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಆಗುವಾಗಲೇ. ಮಾರುವವರಿಗೂ ಈ ಗುಟ್ಟು ಗೊತ್ತು. ಹಾಗಾಗಿ ಗಿರಾಕಿ ಬರುವ ಅರ್ಧ ಗಂಟೆ ಮುಂಚೆ ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿರುತ್ತಾರೆ. ಆರ್.ಟಿ. ನಗರದ ಒಬ್ಬ ಪುಣ್ಯಾತ್ಮ ಹಾಗೆ ಓಡಿಸಿದ್ದೂ ತಿಳಿಯಬಾರದೆಂದು ಬಾನೆಟ್ ಮೇಲೆ ಒದ್ದೆ ಗೋಣಿಚೀಲ ಹಾಸಿದ್ದ. ಮುನೇಶ್ ಚೀಲ ಮುಟ್ಟಿದರು. ಅದೂ ಬೆಚ್ಚಗಿತ್ತು. ಸ್ನಾನಕ್ಕೆ ನೀರು ಕಾಯಿಸ್ತಿದ್ದೀರಾ ಸಾರ್ ಎಂದು ವಿಚಾರಿಸಿ ಮೊಪೆಡ್ ಹತ್ತಿದರು.

ಬ್ಯಾಟರಾಯನಪುರದ ಈ ಮುನೇಶ್ ಅವರಿಗೆ ಈಗ ಐವತ್ತಾರು. ಅವರ ಕೆಲಸಕ್ಕೆ ಅಂಗಡಿಯಿಲ್ಲ, ಬೋರ್ಡಿಲ್ಲ, ಸರಿಯಾದ ಒಂದು ಹೆಸರೂ ಇಲ್ಲ. 'ಕಾರು ನೋಡೋ ಮುನೇಶಣ್ಣ' ಎಂದರೆ ಯಲಹಂಕದಿಂದ ಯಶವಂತಪುರದವರೆಗೆ ಹಳೆಯ ವೇಗದ ಕಾರುಗಳ ಹುಚ್ಚು ಹತ್ತಿಸಿಕೊಂಡವರಿಗೆಲ್ಲ ಗೊತ್ತು. ಹೆಣ್ಣು ನೋಡಲು ಹೋಗುವಾಗ ಮನೆಯ ಹಿರಿಯರೊಬ್ಬರನ್ನು ಮುಂದೆ ಮಾಡಿಕೊಂಡು ಹೋಗುತ್ತಾರಲ್ಲ, ಹಾಗೆ ಈ ಹುಚ್ಚಿನವರು ಮುನೇಶರನ್ನು ಕರೆದೊಯ್ಯುತ್ತಾರೆ. ಇಪ್ಪತ್ತು ವರ್ಷದ ಹಿಂದೆ ರಸ್ತೆಯಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಿದ್ದ, ಆಮೇಲೆ ಗುಜರಿ ದಾರಿ ಹಿಡಿದಿದ್ದ ಆ ಕಾರುಗಳಿಗೆ ಈಗ ಮಾಡರ್ನ್ ಕ್ಲಾಸಿಕ್ ಎಂಬ ಬಿರುದು ಬಂದಿದೆ. ಬಿರುದಿನ ಜೊತೆ ಬೆಲೆಯೂ ಏರಿದೆ.

"ಹೊಸದಾಗಿದ್ದಾಗ ಅಪ್ಪ ಕೊಡಿಸ್ಲಿಲ್ಲ. ಈಗ ನಮ್ ಕೈಲಿ ಕಾಸಿದೆ, ಕಾರ್ ಮುದುಕ ಆಗಿದೆ. ಅದೇ ಕಣ್ರೀ ಮಾಡರ್ನ್ ಕ್ಲಾಸಿಕ್ ಅಂದ್ರೆ" ಎಂದು ಮುನೇಶ್ ವ್ಯಾಖ್ಯಾನ ಕೊಡುತ್ತಾರೆ.

ವಾರಕ್ಕೆ ಆರು ಕಾರು ನೋಡುತ್ತಾರೆ. ಹತ್ತು ನೋಡಿದರೆ ಏಳನ್ನು ಬೇಡವೆನ್ನುತ್ತಾರೆ. ಅವರ ಸಲಕರಣೆಯೆಲ್ಲ ಒಂದು ಹಳೆಯ ಟಿಫಿನ್ ಡಬ್ಬಿಯೊಳಗಿದೆ: ಟಾರ್ಚು, ಹಲ್ಲಿನ ಡಾಕ್ಟರು ಬಳಸುವ ಪುಟ್ಟ ಕನ್ನಡಿ, ಫ್ರಿಜ್ಜಿಗೆ ಅಂಟಿಸುವ ಗಣಪತಿಯ ಮ್ಯಾಗ್ನೆಟ್. ಬಣ್ಣಕ್ಕೆ ಗೀರು ಬೀಳದಿರಲೆಂದು ಗಣಪತಿಗೆ ಹೆಂಡತಿಯ ಹಳೆ ಸೀರೆಯ ಚೂರು ಸುತ್ತಿದ್ದಾರೆ. ತಗಡು ಇದ್ದಲ್ಲಿ ಗಣಪತಿ ಕಚ್ಚಿಕೊಳ್ಳುತ್ತಾನೆ. ನೆಗ್ಗಿದ ಜಾಗವನ್ನು ಪುಟ್ಟಿ ಮೆತ್ತಿ ಮುಚ್ಚಿದ್ದರೆ ಜಾರಿ ಬೀಳುತ್ತಾನೆ. ಇನ್ನು ಎಷ್ಟು ಕಿಲೋಮೀಟರ್ ಓಡಿದೆ ಎಂದು ತಿಳಿಯಲು ಮುನೇಶ್ ಮೀಟರ್ ನೋಡುವುದೇ ಇಲ್ಲ, ಕ್ಲಚ್ ಪೆಡಲಿನ ರಬ್ಬರು ಎಷ್ಟು ಸವೆದಿದೆ ಎಂದು ಹೆಬ್ಬೆರಳಿನಿಂದ ಉಜ್ಜಿ ನೋಡುತ್ತಾರೆ.

ಇಷ್ಟೆಲ್ಲ ಬಲ್ಲವರ ಮನೆಯಲ್ಲಿ ಕಾರಿಲ್ಲ. ಹನ್ನೊಂದು ವರ್ಷದಿಂದ ತಮಗೊಂದು ಹುಡುಕುತ್ತಲೇ ಇದ್ದಾರೆ, ಒಂದೂ ಒಪ್ಪಿಗೆಯಾಗಿಲ್ಲ. ಹೆಂಡತಿ ರಾಧಾಮಣಿ ಬಂದವರ ಮುಂದೆಲ್ಲ ಇದನ್ನು ಹೇಳಿಕೊಂಡು ನಗುತ್ತಾರೆ. "ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ಬಾನೀಲಿ ಬಿತ್ತಂತೆ, ಹಂಗಾಯ್ತು. ಪುಣ್ಯಕ್ಕೆ ನನ್ನ ನೋಡೋಕೆ ಬಂದಾಗ ಇವ್ರು ಈ ಕೆಲ್ಸ ಮಾಡ್ತಿರ್ಲಿಲ್ಲ."

ಆಗ ಅವರು ಮಾಡುತ್ತಿದ್ದದ್ದು ಬೇರೆಯೇ ಕೆಲಸ. ಮನೆತನಕ್ಕೆ ಹೆಬ್ಬಾಳದ ಕಡೆ ಜಮೀನಿತ್ತು. ದೊಡ್ಡಪ್ಪನ ಮಕ್ಕಳು ತಡೆದು ಮಾರಿ ಬಿಲ್ಡರುಗಳಾದರು, ಮುನೇಶರ ತಂದೆ ಅವಸರಪಟ್ಟು ಮೊದಲೇ ಮಾರಿದರು. ಹದಿನಾರನೇ ವಯಸ್ಸಿಗೆ ಮುನೇಶ್ ಆರ್.ಟಿ. ನಗರದ ನಜೀರ್ ಸಾಬರ ಟಿಂಕರಿಂಗ್ ಶೆಡ್ಡು ಸೇರಿದರು. ಅಪಘಾತದಲ್ಲಿ ನುಜ್ಜುಗುಜ್ಜಾದ ಕಾರಿನ ತಗಡನ್ನು ಬಡಿದು, ಬೆಸೆದು, ಮೊದಲಿನ ರೂಪಕ್ಕೆ ತರುವ ಕೆಲಸ. ನಜೀರ್ ಸಾಬರ ಶೆಡ್ಡಿನಲ್ಲಿ ಪುಟ್ಟಿಯ ಡಬ್ಬವೇ ಇರಲಿಲ್ಲ. ಏನಿದ್ದರೂ ಸುತ್ತಿಗೆಯಲ್ಲೇ ಸರಿಯಾಗಬೇಕು, ಆಗದಿದ್ದರೆ ಮತ್ತೆ ಬಡಿ ಎನ್ನುತ್ತಿದ್ದರು.

"ಟಿಂಕರ್ ಕೆಲ್ಸ ಚೆನ್ನಾಗ್ ಆಯ್ತು ಅಂದ್ರೆ ಕೆಲ್ಸಾನೇ ಆಗಿಲ್ಲ ಅನ್ನಿಸ್ಬೇಕು. ಹೊಗಳೋಣ ಅಂದ್ರೂ ಯಾರಿಗೂ ಏನೂ ಕಾಣಲ್ಲ" ಎನ್ನುತ್ತಾರೆ ಮುನೇಶ್. ಅದಕ್ಕೇ ಉಸ್ತಾದ್ ನಜೀರ್ ಸಾಬರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಕೆಲಸ ಮುಗಿದ ಮೇಲೆ ಡಿಕ್ಕಿಯ ಬಾಯಿಯ ರಬ್ಬರು ಎತ್ತಿ, ಅದರಡಿ ತಗಡಿನ ಮೇಲೆ ಮೊಳೆಯಿಂದ ಎರಡು ಚುಕ್ಕೆ ಕುಟ್ಟಿ, ರಬ್ಬರು ಮುಚ್ಚುತ್ತಿದ್ದರು. ಶಿಷ್ಯ ಪಳಗಿದ ಮೇಲೆ ಅವನಿಗೆ ಮೂರು ಚುಕ್ಕೆಯ ಅಪ್ಪಣೆ ಕೊಟ್ಟರು. ಇಪ್ಪತ್ತೈದು ವರ್ಷದಲ್ಲಿ ಎಷ್ಟು ಕಾರಿಗೆ ಚುಕ್ಕೆ ಇಟ್ಟಿದ್ದಾರೋ ಮುನೇಶರಿಗೇ ಲೆಕ್ಕವಿಲ್ಲ.

ಅವುಗಳಲ್ಲಿ ಬಹಳಷ್ಟು ಕಾರುಗಳು ನೇರ ದಲ್ಲಾಳಿಗಳ ಕೈಗೆ ಹೋಗಿ, ಆಕ್ಸಿಡೆಂಟ್ ಆಗಿಲ್ಲ ಎಂಬ ಸುಳ್ಳಿನ ಮೇಲೆ ಮಾರಾಟವಾದವು. ಈ ಭಾಗವನ್ನು ಮುನೇಶ್ ಅಷ್ಟಾಗಿ ಹೇಳಿಕೊಳ್ಳುವವರಲ್ಲ. ಹನ್ನೊಂದು ವರ್ಷದ ಕೆಳಗೆ ಬಲಭುಜ ಕೈಕೊಟ್ಟಿತು, ಸುತ್ತಿಗೆ ಎತ್ತಲಾಗಲಿಲ್ಲ, ಹಾಗಾಗಿ ಮುಚ್ಚುವ ಕಡೆಯಿಂದ ಹುಡುಕುವ ಕಡೆಗೆ ಬಂದರು. ಈಗ ಅವರ ಬಂಡವಾಳವೆಂದರೆ ಬಾಯಿಮಾತು ಮಾತ್ರ. ಹಳೆ ಕಾರಿನವರ ವಾಟ್ಸಾಪ್ ಗುಂಪಿನಲ್ಲಿ ಮುನೇಶಣ್ಣ ಸರಿ ಅಂದರೆ ಸರಿ, ಬೇಡ ಅಂದರೆ ಬೇಡ. ಮೊದಲು ಏನು ಮಾಡುತ್ತಿದ್ದಿರಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಅವರಾಗಿ ಹೇಳಲೂ ಇಲ್ಲ.

ಈ ಬೆಳಗಿನ ಕಾರು ಎರಡು ಸಾವಿರದ ಮೂರನೇ ಇಸವಿಯ ಸಿಟಿ ವಿ-ಟೆಕ್. ಹರ್ಷಿತಾ ಎಂಟನೇ ತರಗತಿಯಲ್ಲಿದ್ದಾಗ ಕೊಡಿಗೇಹಳ್ಳಿ ಗೇಟಿನ ಹತ್ತಿರ ಅವರ ಸ್ಕೂಲ್ ವ್ಯಾನನ್ನು ದಿನಾ ಇಂಥದೇ ಒಂದು ಮರೂನ್ ಕಾರು ಹಿಂದೆ ಹಾಕುತ್ತಿತ್ತಂತೆ. ವೇಗ ಏರಿದಾಗ ಬದಲಾಗುವ ಅದರ ಇಂಜಿನ್ ದನಿ ಇಪ್ಪತ್ತು ವರ್ಷವಾದರೂ ಅವರ ಕಿವಿ ಬಿಟ್ಟಿಲ್ಲ. ಎಂಟು ತಿಂಗಳು ಹುಡುಕಿದ ಮೇಲೆ ಅದೇ ಬಣ್ಣದ್ದು ಸಿಕ್ಕಿದ್ದು ಇದೊಂದೇ. ಅಶ್ವತ್ಥ್ ಇದನ್ನು ಹತ್ತೊಂಬತ್ತು ವರ್ಷದ ಹಿಂದೆ ಸೆಕೆಂಡ್‌ಹ್ಯಾಂಡ್ ಕೊಂಡವರು. ಒಮ್ಮೆ ಪೂರ್ತಿ ಬಣ್ಣ ಹೊಡೆಸಿದ್ದೇನೆ, ಆದರೆ ಒಂದು ಗೀರು ಬೀಳಲು ಬಿಟ್ಟಿಲ್ಲ ಎಂಬುದು ಅವರ ಹೆಮ್ಮೆ. ಶೆಡ್ಡಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿರುವ ಅವರ ತಾಯಿ ಲಕ್ಕಮ್ಮ, ಇದಕ್ಕೆ ಮಾಡಿದ ಪೂಜೆ ತನಗೆ ಮಾಡಿದ್ದರೆ ಇಷ್ಟೊತ್ತಿಗೆ ದೇವರಾಗಿರುತ್ತಿದ್ದೆ ಎನ್ನುತ್ತಾರೆ.

ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಹೊಗೆಯಿಲ್ಲ. ಪೆಡಲಿನ ರಬ್ಬರು ಮೀಟರಿನ ಮಾತಿಗೆ ಒಪ್ಪುತ್ತದೆ. ಮುನೇಶ್ ಗೋಣಿ ಹಾಸಿ ಕಾರಿನಡಿ ತೂರಿ ಹೊರಬರುತ್ತಾರೆ, ಡಿಕ್ಕಿ ತೆಗೆಯುತ್ತಾರೆ, ಗಣಪತಿಯನ್ನು ಮೂಲೆಮೂಲೆಗೂ ಓಡಾಡಿಸುತ್ತಾರೆ. ಎಲ್ಲ ಕಡೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತಾನೆ. ಅರ್ಧ ರಬ್ಬರು ಎತ್ತಿ ನೋಡಿದರೆ ಬೆಸುಗೆಯ ಗುರುತುಗಳು ಸಾಲಾಗಿ, ಅಳತೆ ತಪ್ಪದೆ ಇವೆ. ಮುನೇಶ್ ತಲೆದೂಗಿ, "ಹಿಂದ್ಗಡೆ ಎಲ್ಲಾ ಕಂಪನಿ ಕೆಲಸ ಮೇಡಂ. ಯಾರೂ ಕೈ ಹಾಕಿಲ್ಲ" ಎಂದು ಗಟ್ಟಿಯಾಗಿಯೇ ಘೋಷಿಸುತ್ತಾರೆ. ಅಶ್ವತ್ಥ್ ಒಳಗೆ ಕಾಫಿಗೆ ಕೂಗಿ ಹೇಳುತ್ತಾರೆ.

ಅದಾದ ಮೇಲೆ, ಬರೀ ಅಭ್ಯಾಸಬಲದಿಂದ, ಮುನೇಶ್ ಉಳಿದ ಗೇಣುದ್ದ ರಬ್ಬರನ್ನೂ ಎತ್ತುತ್ತಾರೆ. ಅಲ್ಲಿ, ಎರಡು ಪದರ ಬಣ್ಣದ ಕೆಳಗೆ, ಮೂರು ಚುಕ್ಕೆ.

ರಬ್ಬರು ಮುಚ್ಚಿ ಅವರು ಕುಡಿಯಲು ನೀರು ಕೇಳುತ್ತಾರೆ. ಕುಡಿದು ಕಾರಿಗೆ ಒಂದು ಸುತ್ತು ಬರುತ್ತಾರೆ. ಇನ್ನೊಂದು ಲೋಟ ನೀರು ಕೇಳುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಯಾರೂ ಏನೂ ಅನ್ನದಿದ್ದರೂ ಅವರ ಎಡಗೈ ತಾನಾಗಿ ಆ ಕೆಟ್ಟ ಬಲಭುಜಕ್ಕೆ ಹೋಗಿದೆ. ಈಗ ನೆನಪಾಗುತ್ತಿದೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಲಾರಿ ಗುದ್ದಿತ್ತು, ಡಿಕ್ಕಿ ಹಿಂದಿನ ಸೀಟಿಗೆ ಬಂದು ಕೂತಿತ್ತು, ಇಪ್ಪತ್ತೆರಡು ದಿನ ಬಡಿದಿದ್ದರು. ಟಿಂಕರ್ ಕಾರಿನ ಮುಖ ನೋಡುವುದಿಲ್ಲ, ಗಾಯ ನೋಡುತ್ತಾನೆ. ಹಾಗಾಗಿ ಬಂದಾಗ ಗುರುತು ಸಿಗಲಿಲ್ಲ.

ಸುಮ್ಮನಿದ್ದರೆ ಈ ಭೂಮಿಯ ಮೇಲೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ, ಕಾರು ನೋಡೋ ಮುನೇಶಣ್ಣನೇ ಒಂದು ಕಾಲದಲ್ಲಿ ಅಪಘಾತ ಮುಚ್ಚಿಡುತ್ತಿದ್ದ ಎಂಬ ಸುದ್ದಿ ಮಧ್ಯಾಹ್ನದೊಳಗೆ ಗುಂಪಿಗೆಲ್ಲ ಹರಡುತ್ತದೆ. ಹನ್ನೊಂದು ವರ್ಷದ ಮಾತಿಗೆ ಕವಡೆ ಕಿಮ್ಮತ್ತು ಉಳಿಯುವುದಿಲ್ಲ. ಅವರು ಮೂರನೇ ಲೋಟ ನೀರಿನ ಯೋಚನೆಯಲ್ಲಿರುವಾಗ ಹರ್ಷಿತಾ ಅಶ್ವತ್ಥ್ ಅವರಿಗೆ ಹೇಳುವುದು ಕೇಳಿಸುತ್ತದೆ: ಜೀವನಪೂರ್ತಿ ಇಟ್ಟುಕೊಳ್ಳುವ ಕಾರು, ಪೆಟ್ಟು ತಿಂದಿದ್ದರೆ ಖಂಡಿತ ಬೇಡವಾಗಿತ್ತು, ಮುನೇಶಣ್ಣ ಹೇಳಿದರಲ್ಲ, ಇನ್ನು ಅಡ್ವಾನ್ಸ್ ಕೊಟ್ಟುಬಿಡುತ್ತೇನೆ.

"ಮೇಡಂ, ದುಡ್ಡು ಕಳಿಸ್ಬೇಡಿ" ಎನ್ನುತ್ತಾರೆ ಮುನೇಶ್. "ಆಗ್ಲೇ ನಾನ್ ಹೇಳಿದ್ದು ತಪ್ಪು. ಅದು ಕಂಪನಿ ಕೆಲಸ ಅಲ್ಲ. ನಂದು."

ಅಶ್ವತ್ಥ್ ಮೊದಲು ನಂಬುವುದಿಲ್ಲ. ಬೆಲೆ ಇಳಿಸಲು ಇಬ್ಬರೂ ಸೇರಿ ಕಟ್ಟಿದ ನಾಟಕವೆಂದು ರೇಗುತ್ತಾರೆ. ಚುಕ್ಕೆ ತೋರಿಸಿದರೆ, ಯಾವ ಮೊಳೆ ಬೇಕಾದರೂ ಚುಕ್ಕೆ ಕುಟ್ಟುತ್ತದೆ ಎನ್ನುತ್ತಾರೆ. ಮುನೇಶ್ ದನಿಯೇರಿಸದೆ, ಸ್ಟೆಪ್ನಿ ಎತ್ತಿ, ಎಡಗಡೆ ಮೂಲೆಯಲ್ಲಿ ಬಣ್ಣ ಕೆರೆಯಿರಿ, ಹಿತ್ತಾಳೆ ಸಿಗದಿದ್ದರೆ ನಾನು ಸುಳ್ಳುಗಾರ ಎನ್ನುತ್ತಾರೆ. ಆ ದಿನ ಬೆಸುಗೆಯ ಕಡ್ಡಿ ಮುಗಿದು ಬೆರಳಗಲದ ಅದೊಂದು ಜಾಗವನ್ನು ಮಾತ್ರ ಹಿತ್ತಾಳೆಯಿಂದ ಬೆಸೆದಿದ್ದರಂತೆ. ಅಶ್ವತ್ಥ್ ಸಿಟ್ಟಿನಲ್ಲಿ ಸ್ಟೆಪ್ನಿ ಎತ್ತಿ ಬಿಸಾಕಿ ಮನೆಯ ಬೀಗದ ಕೈಯಿಂದ ಕೆರೆಯುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಆ ಕಾರಿಗೆ ಬಿದ್ದ ಮೊದಲ ಗೀರು ಅದು. ಅದರ ಕೆಳಗೆ ಹಳದಿಯಾಗಿ ಹಿತ್ತಾಳೆ ಹೊಳೆಯುತ್ತದೆ.

ಅಶ್ವತ್ಥ್ ಅಲ್ಲೇ ಡಿಕ್ಕಿಯ ಅಂಚಿನ ಮೇಲೆ ಕುಸಿದು ಕೂರುತ್ತಾರೆ. ಬಿಸಾಕಿದ ಸ್ಟೆಪ್ನಿಯನ್ನು ಮುನೇಶ್ ಉರುಳಿಸಿ ತಂದು ಅವರ ಪಕ್ಕ ನಿಲ್ಲಿಸುತ್ತಾರೆ. ಆ ಕಾಲದ ದಲ್ಲಾಳಿ ಇವರಿಗೆ ಟೋಪಿ ಹಾಕಿದ್ದು ತನ್ನ ಸುತ್ತಿಗೆಯ ಬಲದಿಂದಲೇ ಅಲ್ಲವೇ. ಕ್ಷಮಿಸಿ ಸಾರ್ ಎನ್ನುತ್ತಾರೆ. ಉತ್ತರ ಬರುವುದು ಕುರ್ಚಿಯಿಂದ.

"ನನ್ ಸೊಂಟಕ್ಕೂ ಕಬ್ಣ ಆಕವ್ರೆ" ಎನ್ನುತ್ತಾರೆ ಲಕ್ಕಮ್ಮ ಮಗನಿಗೆ. "ಎಂಟ್ ವರ್ಸ ಆಯ್ತು, ಓಡಾಡ್ತಿಲ್ವಾ? ಅದ್ಕೆ ಇಂಗ್ ತಲೆ ಮೇಲೆ ಕೈ ಒತ್ಕಂಡ್ ಕೂತಿದ್ಯಾ?"

ಹರ್ಷಿತಾ ಬಗ್ಗಿ ಆ ಹಿತ್ತಾಳೆಯನ್ನು ನೋಡುತ್ತಾರೆ. ಮುರಿದ ಕಾಲಿನ ಕರುಗಳನ್ನು ದಿನಾ ನೋಡುವವರು ಅವರು. ಎಷ್ಟು ದಿನ ಹಿಡಿಯಿತು, ಕೂಡಿಸಿದ್ದು ಎಲ್ಲೆಲ್ಲಿ, ಇನ್ನೆಷ್ಟು ವರ್ಷ ತಾಳುತ್ತದೆ ಎಂದು ರೋಗಿಯ ಚರಿತ್ರೆ ಬರೆದುಕೊಳ್ಳುವಂತೆ ಒಂದೊಂದೇ ಕೇಳುತ್ತಾರೆ. ಮುನೇಶ್ ಒಂದನ್ನೂ ಮುಚ್ಚಿಡದೆ, ಕಾರಿನಡಿ ಟಾರ್ಚು ಹಿಡಿದು ತೋರಿಸಿ ಹೇಳುತ್ತಾರೆ. ಗೊತ್ತಿಲ್ಲದ ಮುರಿತಕ್ಕೆ ತಾನು ಹೆದರುತ್ತೇನೆ, ಗೊತ್ತಿರುವುದಕ್ಕಲ್ಲ ಎಂದು ಹೇಳಿ ಹರ್ಷಿತಾ ಇಳಿಸಿದ ಬೆಲೆ ಹೇಳುತ್ತಾರೆ. ಅಶ್ವತ್ಥ್ ತಾಯಿಯ ಮುಖ ನೋಡಿ ಒಪ್ಪುತ್ತಾರೆ.

ಮುನೇಶ್ ಪ್ರತಿ ಕಾರಿಗೂ ಒಂದು ಹಾಳೆ ಬರೆದುಕೊಡುತ್ತಾರೆ. ಅದರಲ್ಲಿ 'ಹಿಂದೆ ಕೆಲಸ ಮಾಡಿದವರು' ಎಂಬ ಸಾಲಿಗೆ ಹನ್ನೊಂದು ವರ್ಷದಿಂದ 'ಗೊತ್ತಿಲ್ಲ' ಎಂದೇ ಬರೆದಿದ್ದಾರೆ. ಈ ಹಾಳೆಯಲ್ಲಿ ಬಿ. ಮುನೇಶ್, ಟಿಂಕರ್ ಎಂದು ಬರೆದು, ಕಣ್ಣಿನ ಹತ್ತಿರ ಹಿಡಿದು ಒಮ್ಮೆ ಓದಿಕೊಂಡು, ಕೊಡುತ್ತಾರೆ. ಹರ್ಷಿತಾ ಅದರ ಫೋಟೋವನ್ನು ಗುಂಪಿಗೆ ಹಾಕಲೇ ಎಂದು ಕೇಳುತ್ತಾರೆ. ಟಾರ್ಚನ್ನು ಟಿಫಿನ್ ಡಬ್ಬಿಗೆ ಸೇರಿಸುತ್ತ ಮುನೇಶ್, "ಹಾಕಿ" ಎನ್ನುತ್ತಾರೆ.

ನಾಲ್ಕು ದಿನ ಅವರ ಫೋನು ಬಡಿದುಕೊಳ್ಳುವುದಿಲ್ಲ. ರಾಧಾಮಣಿ ಚಾರ್ಜರ್ ಬದಲಾಯಿಸಿ ನೋಡುತ್ತಾರೆ. ಐದನೇ ದಿನ ಯಶವಂತಪುರದ ಒಬ್ಬರು ಕರೆ ಮಾಡಿ, ತಾವು ಮಾಡಿದ್ದನ್ನೇ ತಪ್ಪೆಂದು ಹೇಳಿದವರು ಬೇರೆಯವರದನ್ನು ಬಿಡುತ್ತಾರೆಯೇ, ನಾಳೆ ಬನ್ನಿ ಎನ್ನುತ್ತಾರೆ. ಆಮೇಲೆ ಕರೆಗಳು ಒಂದರ ಹಿಂದೊಂದು. ಅರ್ಧಕ್ಕರ್ಧ ಜನ ಕೇಳುವುದು, ನಮ್ಮ ಡಿಕ್ಕಿಯಲ್ಲೂ ಮೂರು ಚುಕ್ಕೆ ಇದೆಯಾ ನೋಡಿ ಹೇಳಿ ಎಂದು. ಒಬ್ಬ ದಲ್ಲಾಳಿಯಂತೂ 'ಮೂರು ಚುಕ್ಕೆ ಕಾರು' ಎಂದು ಜಾಹೀರಾತು ಹಾಕಿ ಹೆಚ್ಚು ಬೆಲೆ ಹೇಳಿದ. ಮುನೇಶ್ ಹೋಗಿ ನೋಡಿದರೆ ಚುಕ್ಕೆಗಳು ವಾರದ ಹಿಂದಷ್ಟೇ ಕುಟ್ಟಿದವು. ಗಣಪತಿ ಜಾರಿ ಬಿದ್ದ.

ಒಂದು ಭಾನುವಾರ ಹರ್ಷಿತಾ ಮರೂನ್ ಕಾರನ್ನು ಬ್ಯಾಟರಾಯನಪುರಕ್ಕೆ ತರುತ್ತಾರೆ, ಗಂಡ ಹೆಂಡತಿಯನ್ನು ಒಂದು ಸುತ್ತು ಕರೆದೊಯ್ಯಲು. ಮುನೇಶ್ ಅಭ್ಯಾಸದಂತೆ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತಾರೆ. ಸುಡುವಷ್ಟು ಬಿಸಿ. ಇದೊಂದು ಸಲ ಪರವಾಗಿಲ್ಲ ಎಂದು ನಗುತ್ತಾರೆ. ರಾಧಾಮಣಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹರ್ಷಿತಾ ಎಷ್ಟು ಕರೆದರೂ ಕೇಳದೆ ತಾವು ಹಿಂದೆ, ಡಿಕ್ಕಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಹೆಬ್ಬಾಳದ ಮೇಲ್ಸೇತುವೆ ಹತ್ತುವಾಗ ಇಂಜಿನ್ ದನಿ ಬದಲಾಗುತ್ತದೆ, ರಾಧಾಮಣಿ ಕಿಟಕಿಯ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಹಿಂದಿನಿಂದ ಒಂದು ಕಿರುಗುಟ್ಟುವ ಸದ್ದೂ ಬರುವುದಿಲ್ಲ.

ಏನಾದರೂ ಬೇಕಾ ಅಣ್ಣ ಎಂದು ಇಳಿಯುವಾಗ ಹರ್ಷಿತಾ ಕೇಳುತ್ತಾರೆ. ಮುನೇಶ್ ಬೇಡವೆಂದು ತಲೆಯಾಡಿಸಿ, ಗೇಟಿನವರೆಗೆ ಹೋಗಿ, ತಿರುಗಿ ಬರುತ್ತಾರೆ.

"ಮುಂದೆ ಯಾವತ್ತಾದ್ರೂ ಪೇಂಟ್ ಮಾಡ್ಸಿದ್ರೆ, ಆ ರಬ್ಬರ್ ಕೆಳಗೆ ಸ್ವಲ್ಪ ತೆಳ್ಳಗೆ ಹೊಡೀರಿ ಅಂತ ಹೇಳಿ ಮೇಡಂ. ಇನ್ನೊಂದು ಕೋಟ್ ಬಿದ್ರೆ ಚುಕ್ಕೆ ಮುಚ್ಚೋಗುತ್ತೆ."