ಬ್ಯಾನರಿನ ಮೇಲೆ ಚದುರಿದ ಕಲ್ಲವ್ವ

ಕಳೆದ ಸೋಮವಾರ ಬೆಳಿಗ್ಗೆಯೂ ನಳದಲ್ಲಿ ಮೊದಲು ಗಾಳಿ ಬಂತು, ಆಮೇಲೆ ನೀರು. ಬ್ಯಾರೆಲ್ ತುಂಬುವಷ್ಟರಲ್ಲಿ ಚಹಾ ಉಕ್ಕಿ ಒಲೆಗೆ ಚೆಲ್ಲಿತು. ಒರೆಸಿದೆ. ಮಕ್ಕಳ ಡಬ್ಬಿಗೆ ಪೋಹೆ ತುಂಬಿದೆ. ಅತ್ತೆಯವರ ಫೋಟೋದ ಗಾಜಿನ ಮೇಲೆ ಯಾರದೋ ಎಣ್ಣೆ ಬೆರಳಿನ ಗುರುತಿತ್ತು. ಅದನ್ನೂ ಸೆರಗಿನಿಂದ ಒರೆಸಿದೆ. (ಫೋಟೋದಲ್ಲೂ ಅವರ ನೋಟ ಹಾಗೇ ಇದೆ: "ಉಪ್ಪ ಹಾಕಿದೇನವಾ?")

ಅವರು ಹೋಗಿ ಅಂದಿಗೆ ವರ್ಷ. ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ನಮ್ಮ ಉಮರ್ಗಾದಲ್ಲಿ ವರ್ಷ ತುಂಬಿದರೆ ಚೌಕದಲ್ಲಿ ಬ್ಯಾನರ್ ಕಟ್ಟಿಸಲೇಬೇಕು. ನಡುವೆ ಫೋಟೋ, ಮೇಲೆ ಮರಾಠಿಯಲ್ಲಿ 'ಪ್ರಥಮ ಪುಣ್ಯಸ್ಮರಣ', ಪಕ್ಕದಲ್ಲಿ ಅರ್ಧ ಊರಿನ ಹೆಸರು. ಕಟ್ಟಿಸದಿದ್ದರೆ ಸೊಸೆಯ ಬಗ್ಗೆ ಏನು ಮಾತಾಡುತ್ತಾರೆ ಅಂತ ನಿಮಗೂ ಗೊತ್ತು.

ನಾಲ್ಕು ದಿನ ಮೊದಲೇ ನಾನು ಕೇಳಿದ್ದು ಒಂದು ಸಾಲು ಕನ್ನಡ. 'ನಮ್ಮವ್ವ ಕಲ್ಲವ್ವ'. ಅದೂ ನಾನೇ ಮಾಡಿದ ಅಕ್ಷರದಲ್ಲಿ.

"ಹಾಕ್ಸು. ಖರೆ, ಇಲ್ಲಿ ಓದವರ್ಯಾರು?" ಅಂದರು ನಮ್ಮ ಮನೆಯವರು, ಕೆನ್ನೆಗೆ ಸೋಪು ಹಚ್ಚಿಕೊಳ್ಳುತ್ತಾ.

"ನಾ ಓದ್ತೀನ್ರಿ."

ನಾನೇ ಮಾಡಿದ ಅಕ್ಷರ ಅಂದರೆ ಫಾಂಟ್. ನಗಬೇಡಿ. ಮಧ್ಯಾಹ್ನ ಕೆಲವರು ಸೀರಿಯಲ್ ನೋಡುತ್ತಾರೆ, ನಾನು ಲ್ಯಾಪ್‌ಟಾಪಿನಲ್ಲಿ ಅಕ್ಷರ ತಿದ್ದುತ್ತೇನೆ. ಬೀದರಿನ ಕಾನ್ವೆಂಟಿನಲ್ಲಿ ಕಂಪಾಸಿನಿಂದ ಸೊನ್ನೆ ಬಿಡಿಸುವ ಹುಚ್ಚು ಹತ್ತಿತ್ತು, ಇನ್ನೂ ಬಿಟ್ಟಿಲ್ಲ. ನನ್ನ ಅಕ್ಷರಗಳಿಗೆ ಅಲಂಕಾರವಿಲ್ಲ. ಎಲ್ಲ ಗೆರೆ ಒಂದೇ ದಪ್ಪ, ಎಲ್ಲ ಹೊಟ್ಟೆ ಪೂರ್ತಿ ಗೋಲ. ಮೊದಲು ಇಂಗ್ಲಿಷ್ ಮಾಡಿದೆ. ಫ್ರೆಂಚ್‌ನಲ್ಲಿ ಅಕ್ಷರಗಳು ತಲೆಯ ಮೇಲೆ ಓರೆ ಗೆರೆ, ಚುಕ್ಕಿ ಹೊತ್ತುಕೊಂಡು ಬರುತ್ತವಲ್ಲ, ಅವನ್ನೂ ಮಾಡಿದೆ. ಪ್ರಿಂಟ್ ತೋರಿಸಿದಾಗ ಅತ್ತೆ, "ಇದರ ತಲಿ ಮ್ಯಾಲ ನೊಣ ಕುಂತದ, ಹೊಡಿ" ಅಂದಿದ್ದರು.

ಆಮೇಲೆ ಕನ್ನಡ. ಇಲ್ಲಿ ಕಷ್ಟವೆಲ್ಲ ಕೆಳಗೆ. ಒತ್ತಕ್ಷರಗಳು ಅಕ್ಕಪಕ್ಕ ಬಂದರೆ ಸಂತೆ ದಿನ ಮುರುಮ ಊರಿಗೆ ಹೋಗುವ ಬಸ್ಸಿನ ಜನರ ಹಾಗೆ ಒಂದನ್ನೊಂದು ತಳ್ಳುತ್ತವೆ. ಅದಕ್ಕೇ ಒಂದೇ ಒತ್ತಿಗೆ ಬೇರೆಬೇರೆ ರೂಪ ಮಾಡಿಡಬೇಕು. ಪಕ್ಕ ಯಾರೂ ಇಲ್ಲದಾಗ ಕಾಲು ಚಾಚಿದ್ದು, ಯಾರಾದರೂ ಬಂದಾಗ ಕಾಲು ಮಡಚಿದ್ದು. ಎಲ್ಲಿ ಯಾವುದು ಕೂರಬೇಕು ಅಂತ ಫಾಂಟೇ ನೋಡಿಕೊಳ್ಳುತ್ತದೆ. (ಸೊಸೆಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಇದನ್ನೆಲ್ಲ ಓದಿ ನೋಡುತ್ತಿದ್ದವರು ಅತ್ತೆ ಕಲ್ಲವ್ವ. ಬಸವಕಲ್ಯಾಣದ ಕಡೆಯಿಂದ ಮದುವೆಯಾಗಿ ಬಂದವರು. ಈ ಮನೆಯಲ್ಲಿ ನನ್ನನ್ನು ಬಿಟ್ಟರೆ ಕನ್ನಡ ಓದಲು ಬರುತ್ತಿದ್ದುದು ಅವರಿಗೇ. ಮಗ, ಮೊಮ್ಮಕ್ಕಳು ಎಲ್ಲ ಮರಾಠಿ ಶಾಲೆ. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅತ್ತೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಮ್ಮ ಹೆಸರಿನ ಮೇಲೆ ಬೆರಳಾಡಿಸಿ, "ಈ 'ವ' ನೋಡವಾ, ಹೊಟ್ಟಿ ಉಬ್ಬ್ಯಾದ. ಕೆಳಗಿಂದು ಪಾಪ, ಉಸಿರು ಕಟ್ಟಿ ಸಾಯ್ತದ" ಅನ್ನುತ್ತಿದ್ದರು. ತಿದ್ದುತ್ತಿದ್ದೆ. ಮತ್ತೆ ತೋರಿಸುತ್ತಿದ್ದೆ. ಕೊನೆಗೆ ಆಸ್ಪತ್ರೆಯ ಮಂಚದ ಮೇಲೆ ಹಾಳೆ ನೋಡಿ, "ಹಾಂ, ಈಗ ನಾ ಆರಾಮ ಕುಂತೀನಿ" ಅಂದರು.

ಸೋಮವಾರ ಮಧ್ಯಾಹ್ನ ಚೌಕಕ್ಕೆ ಹೋದೆ. ಬ್ಯಾನರ್ ಕಟ್ಟಿಯಾಗಿತ್ತು. ಫೋಟೋ ಸ್ಪಷ್ಟ. ಮರಾಠಿ ಸ್ಪಷ್ಟ. ಕೆಳಗೆ ನನ್ನ ಸಾಲು?

ಒತ್ತುಗಳು ಯಾವುವೂ ಕೆಳಗಿಳಿದಿರಲಿಲ್ಲ. ಎಲ್ಲ ಬಿಡಿಬಿಡಿಯಾಗಿ, ರೇಶನ್ ಅಂಗಡಿಯ ಮುಂದೆ ನಿಂತ ಹಾಗೆ ಸಾಲಾಗಿ ನಿಂತಿದ್ದವು. ಗೋಲ, ಅರ್ಧ ಗೋಲ, ಬಾಲ, ಮತ್ತೆ ಗೋಲ. ಅದರಲ್ಲಿ ಕಲ್ಲವ್ವ ಎಲ್ಲೂ ಇರಲಿಲ್ಲ.

ಫ್ಲೆಕ್ಸ್ ಅಂಗಡಿಯವನನ್ನು ಕೇಳಿದೆ. "ಮೇಡಂ, ನಮ್ಮ ಸಾಫ್ಟ್‌ವೇರ್ ಹಳೇದು ಅದರಿ. ಮರಾಠಿ ಬರೋಬ್ಬರ್ ಬರ್ತದ."

"ಹಿಂಗ ಆಗ್ಯಾದಂತ ಒಂದ್ ಫೋನ್ ಮಾಡಬಾರ್ದೇನ್ರಿ?"

"ನನಗೇನ್ ತಿಳಿತದ್ರಿ? ನಿಮ್ ಕನ್ನಡ ಹಂಗೇ ಇರ್ತದ ಅನ್ಕೊಂಡೆ."

ಅವನ ತಪ್ಪೇನಿಲ್ಲ. ಆ ಸಾಲನ್ನು ಚಿತ್ರ ಮಾಡಿ ಕಳಿಸಿದ್ದರೆ ಸರಿಯಾಗಿಯೇ ಬರುತ್ತಿತ್ತು. ನಾನು ಫಾಂಟನ್ನೇ ಕಳಿಸಿದ್ದೆ. ನನ್ನ ಅಕ್ಷರ ಈ ಊರಿನ ಒಂದಾದರೂ ಕಂಪ್ಯೂಟರಿನಲ್ಲಿ ಕೂರಲಿ ಅನ್ನುವ ಆಸೆ. ಮನೆಯವರಿಗೆ ಫೋನ್ ಮಾಡಿದರೆ, "ಹೋಗ್ಲಿ ಬಿಡು. ನಾಳೆ ತಗದೇ ಬಿಡ್ತಾರ" ಅಂದರು.

ಹೊಸದು ಮಾಡಿಸಲು ಹೊತ್ತಿರಲಿಲ್ಲ. ಊಟಕ್ಕೆ ಜನ ಬರುವವರಿದ್ದರು. ಆದರೂ ಚೌಕಕ್ಕೆ ಮರಳಿ, ಹೈವೇ ಬದಿಯಲ್ಲಿ ಬ್ಯಾನರಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಬಸ್ಸು ಹೋದವು, ಬೈಕು ಹೋದವು, ನಮ್ಮವರೇ ಕನ್ನಡ ಮಾತಾಡುತ್ತಾ ನಡೆದು ಹೋದರು. ಯಾರಾದರೂ ತಲೆಯೆತ್ತಿ 'ಇದೇನ್ರಿ ಹಿಂಗ್ ಬರ್ಸೀರಿ?' ಅಂತ ಬೈಯಲಿ ಅಂತ ಕಾದೆ. ಯಾರೂ ಬೈಯಲಿಲ್ಲ. ತಪ್ಪು ಅನ್ನಲಿಕ್ಕಾದರೂ ಓದಲು ಬರಬೇಕಲ್ಲ? 'ವ'ದ ಹೊಟ್ಟೆ ಉಬ್ಬಿದೆ ಅಂತ ಇನ್ನು ನನಗೆ ಯಾರು ಹೇಳಬೇಕು?

ಸಂಜೆ ಪಾತ್ರೆ ತಿಕ್ಕುತ್ತಿದ್ದಾಗ ಪಕ್ಕದ ಮನೆಯ ಲತಾ ವಹಿನಿ ತಮ್ಮ ದೊಡ್ಡ ಪಾತೇಲಿ ಒಯ್ಯಲು ಬಂದರು. ನಾವಿಬ್ಬರೂ ಒಬ್ಬರನ್ನೊಬ್ಬರು ವಹಿನಿ, ಅಂದರೆ ಅತ್ತಿಗೆ, ಅಂತಲೇ ಕರೆಯುವುದು. ಅವರ ಮನೆಮಾತು ಮರಾಠಿಯಾದರೂ ನನ್ನ ಜೊತೆ ಕನ್ನಡವೇ ಆಡುತ್ತಾರೆ. ನನಗೆ ಒಳ್ಳೆಯದೆನಿಸಲಿ ಅಂತಲೇ ಅಂದಿರಬೇಕು:

"ಬ್ಯಾನರ್ ಏಕ್‌ದಂ ಛಾನ್ ಆಗ್ಯಾದ್ರಿ ವಹಿನಿ! ಆಜಿ ಫೋಟೋದ ಕೆಳಗ ಗೋಲ ಗೋಲ ನಕ್ಷಿ ಹಾಕ್ಸೀರಲ್ಲ, ರಾಂಗೋಳಿ ಇದ್ದಂಗ, ಆ ಡಿಸೈನ್ ನನಗೂ ಕಳಸ್ರಿ, ನಮ್ಮ ಪಿಂಕಿ ಬರ್ತ್‌ಡೇ ಬ್ಯಾನರಿಗಿ ಹಾಕಸ್ತೀನಿ."